ಕಾಲು ಕೆಳಗಿಡಬೇಡಿ: ಮರಳಲ್ಲಿ ಎಟಿವಿ ಓಡಿಸಲು ಹೊರಟವರಿಗೆ

ವಿಜಯಪುರದಲ್ಲಿ ಬೈಕ್ ಓಡಿಸಿ ಬೆಳೆದವರಿಗೆ ಒಂದು ಚಟ ಇರುತ್ತದೆ. ಗಾಡಿ ಸ್ವಲ್ಪ ವಾಲಿದರೆ ಸಾಕು, ಕಾಲು ತಾನಾಗಿ ನೆಲಕ್ಕೆ ಹೋಗುತ್ತದೆ. ಗಾಂಧಿ ಚೌಕದ ಗದ್ದಲದಲ್ಲಿ ನಮ್ಮನ್ನು ಕಾಯುವುದು ಅದೇ ಚಟ. ಕತಾರ್‌ನ ಮರಳಲ್ಲಿ ಅದೇ ಚಟ ನನ್ನ ಬಲಗಾಲು ಮುರಿಯುವುದರಲ್ಲಿತ್ತು. ತಿರುವಿನಲ್ಲಿ ಎಟಿವಿ, ಅಂದರೆ ದಪ್ಪ ಟೈರಿನ ನಾಲ್ಕು ಗಾಲಿಯ ಬೈಕು, ವಾಲಿದ ಹಾಗಾಯಿತು. ಕಾಲು ಕೆಳಗಿಟ್ಟೆ. ಹಿಂದಿನ ಗಾಲಿ ಬಂದು ಸೀದಾ ಪಾದದ ಮೇಲೆ ಹತ್ತಿತು. ಕೆಳಗೆ ಮೆತ್ತನೆಯ ಮರಳಿತ್ತು, ಪಾದ ಹೂತುಹೋಯಿತು, ಮೂಳೆ ಉಳಿಯಿತು. ಡಾಂಬರು ರಸ್ತೆಯಾಗಿದ್ದರೆ ಕಥೆಯೇ ಬೇರೆ.

ದೋಹಾದಲ್ಲಿ ಕೆಲಸ ಮಾಡುವ ನನ್ನ ಚಿಕ್ಕಪ್ಪನ ಮಗ ಹಿಂದಿನಿಂದ ಕೂಗಿದ್ದು ಇನ್ನೂ ಕಿವಿಯಲ್ಲಿದೆ: "ಏ ಅಣ್ಣಾ, ಇದು ಸ್ಪ್ಲೆಂಡರ್ ಅಲ್ಲೋ, ಕಾಲ್ ಮ್ಯಾಲ್ ಇಡು!"

ರಜೆಗೆ ಗಲ್ಫ್ ಕಡೆ ಹೋಗುವವರು ನಮ್ಮ ಭಾಗದಲ್ಲಿ ಈಗ ಜಾಸ್ತಿ. ಅಣ್ಣನೋ ಭಾವನೋ ಅಲ್ಲಿ ಇರುತ್ತಾರೆ. ಹೋದ ಮೇಲೆ ಮರಳುಗಾಡಿನ ಎಟಿವಿ ಸವಾರಿ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಆದ್ದರಿಂದ ಬುಕಿಂಗ್‌ನಿಂದ ಹಿಡಿದು ಬಟ್ಟೆ ಒಗೆಯುವವರೆಗೆ ಏನೇನು ಮಾಡಬೇಕು ಅಂತ ಕ್ರಮವಾಗಿ ಬರೆಯುತ್ತಿದ್ದೇನೆ. ಇದರಲ್ಲಿ ಅರ್ಧ ನಾನು ತಪ್ಪು ಮಾಡಿ ಕಲಿತದ್ದು.

ಎಲ್ಲಿ ಹೋಗುವುದು

ಮರಳುಗಾಡು, ಕಡಲು ಎರಡೂ ಒಂದೇ ಸವಾರಿಯಲ್ಲಿ ಸಿಗುವ ಜಾಗಗಳು ಕಡಿಮೆ. ಜೈಸಲ್ಮೇರ್ ಪಕ್ಕದ ಸಮ್‌ನಲ್ಲಿ ಮರಳ ದಿಬ್ಬ ಇದೆ, ಕಡಲಿಲ್ಲ. ದುಬೈನವರು ಕರೆದುಕೊಂಡು ಹೋಗುವ ಲಹ್ಬಾಬ್‌ನ ಕೆಂಪು ದಿಬ್ಬಗಳು ನೋಡಲು ಬಹಳ ಚೆಂದ, ಆದರೆ ಕಡಲಿಂದ ದೂರ. ಕತಾರ್‌ನಲ್ಲಿ ದೋಹಾದಿಂದ ದಕ್ಷಿಣಕ್ಕೆ ಸುಮಾರು ಒಂದು ತಾಸು ಹೋದರೆ ಮೆಸಯೀದ್ ಆಚೆ ಸೀಲೈನ್ ಎಂಬ ಕಡಲ ತೀರವಿದೆ. ಅಲ್ಲಿ ದಿಬ್ಬಗಳು ನೀರಿನ ಪಕ್ಕದಲ್ಲೇ ಶುರುವಾಗುತ್ತವೆ. ಇನ್ನೂ ಮುಂದೆ, ಸೌದಿ ಗಡಿಯ ಹತ್ತಿರ, ಖೋರ್ ಅಲ್ ಅದೈದ್ ಎಂಬಲ್ಲಿ ಕಡಲೇ ಮರಳುಗಾಡಿನ ಒಳಗೆ ನುಗ್ಗಿ ಕೆರೆಯ ಹಾಗೆ ನಿಂತಿದೆ. ಅಲ್ಲಿಗೆ ರಸ್ತೆ ಇಲ್ಲ, ದಿಬ್ಬ ದಾಟಿಯೇ ಹೋಗಬೇಕು. ಈಜಿಪ್ಟ್‌ನ ಹುರ್ಗದಾದಲ್ಲಿ ಕೆಂಪು ಸಮುದ್ರದ ಬೆನ್ನಿಗೇ ಮರಳುಗಾಡಿದೆ. ಅಮೆರಿಕದ ನೆಂಟರ ಮನೆಗೆ ಹೋದವರು ಮೆಕ್ಸಿಕೋದ ಕಾಬೊ ಸಾನ್ ಲೂಕಸ್ ಕಡೆಗೂ ಹೋಗುತ್ತಾರೆ. ಅಲ್ಲಿನ ಮಿಗ್ರಿನ್ಯೋ ತೀರದ ಎಟಿವಿ ಸವಾರಿ ಪ್ರಸಿದ್ಧ.

ನಮ್ಮ ಹತ್ತಿರ ಯಾಕೆ ಬೇಡ ಅಂತ ಕೇಳಬಹುದು. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಗೋವಾ ಬಂತಲ್ಲ? ಆದರೆ ಗೋವಾದಲ್ಲಿ ಬೀಚ್ ಮೇಲೆ ಗಾಡಿ ಓಡಿಸುವುದಕ್ಕೆ ನಿಷೇಧವಿದೆ. ಬಾಡಿಗೆ ಥಾರ್ ಜೀಪ್ ನೀರಿಗಿಳಿಸಿ ಕೇಸ್ ಹಾಕಿಸಿಕೊಂಡವರ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಅಲ್ಲಿ ಯಾರಾದರೂ "ಸರ್, ಬೀಚ್ ರೈಡ್" ಅಂದರೆ ನಕ್ಕು ಮುಂದೆ ಹೋಗಿ. ಮಹಾರಾಷ್ಟ್ರದ ಕೊಂಕಣದಲ್ಲಿ, ನಾಗಾಂವ್, ಕಾಶಿದ್ ಕಡೆ, ಬೀಚ್ ಮೇಲೆ ಐದು ಹತ್ತು ನಿಮಿಷದ ಸುತ್ತು ಸಿಗುತ್ತದೆ. ಕೈ ಪಳಗಿಸಲು ಅದು ಪರವಾಗಿಲ್ಲ.

ಬೆಳಗಾವಿಯ ಸಾಂಬ್ರಾದಿಂದ ನೇರ ವಿದೇಶ ವಿಮಾನ ಇಲ್ಲ. ಬೆಳಗಾವಿಯವರಿಗೆ ಗೋವಾ ಅಥವಾ ಮುಂಬೈ ಹತ್ತಿರ. ವಿಜಯಪುರ, ಬಾಗಲಕೋಟೆಯವರು ಹೈದರಾಬಾದ್, ಮುಂಬೈ, ಬೆಂಗಳೂರು ಮೂರನ್ನೂ ಹೋಲಿಸಿ ನೋಡಿ. ಟಿಕೆಟ್‌ನಲ್ಲಿ ಉಳಿಸಿದ ದುಡ್ಡು ಏರ್‌ಪೋರ್ಟ್ ಟ್ಯಾಕ್ಸಿಯಲ್ಲಿ ಹೋಗಬಾರದು ಅಷ್ಟೇ.

ಯಾವ ತಿಂಗಳು, ಯಾವ ಹೊತ್ತು

ಗಲ್ಫ್‌ಗೆ ನವೆಂಬರ್‌ನಿಂದ ಮಾರ್ಚ್. ಬೇಸಿಗೆ ರಜೆಯಲ್ಲಿ ಟಿಕೆಟ್ ಸಿಕ್ಕಿತು ಅಂತ ಹೊರಡಬೇಡಿ.

"ಬಿಸಿಲು ನಮಗೇನು ಹೊಸದಾ?" ಅಂತ ನಾನೂ ಜಂಬ ಕೊಚ್ಚಿದ್ದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನವರು ನಾವು. ಆದರೆ ನಮ್ಮದು ಒಣ ಬಿಸಿಲು. ಬೆವರು ಬಂದ ಕೂಡಲೇ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಗಲ್ಫ್ ಕಡಲ ಪಕ್ಕದ ಬೇಸಿಗೆಯಲ್ಲಿ ಗಾಳಿಯೇ ಹಸಿಯಾಗಿರುತ್ತದೆ. ಬೆವರು ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ಮೈಯೊಳಗಿನ ಶಾಖಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ. ಅದರ ಮೇಲೆ ಹೆಲ್ಮೆಟ್, ಕನ್ನಡಕ, ತುಂಬು ತೋಳಿನ ಬಟ್ಟೆ. ತಲೆ ಸುತ್ತಲು ಹೆಚ್ಚು ಹೊತ್ತು ಬೇಡ.

ದಿನದಲ್ಲಿ ಬೆಳಗಿನ ಜಾವ ಅಥವಾ ಸಂಜೆಯ ಸವಾರಿಯನ್ನೇ ಆರಿಸಿ. ಇದು ಬರೀ ತಂಪಿಗಾಗಿ ಅಲ್ಲ. ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಇದ್ದಾಗ ಮರಳಿಗೆ ನೆರಳೇ ಇರುವುದಿಲ್ಲ. ದಿಬ್ಬ ಯಾವುದು, ತಗ್ಗು ಯಾವುದು ಕಣ್ಣಿಗೆ ಗೊತ್ತಾಗುವುದಿಲ್ಲ. ಎಲ್ಲವೂ ಒಂದೇ ಹಾಳೆಯ ಹಾಗೆ ಕಾಣುತ್ತದೆ. ಸೂರ್ಯ ಇಳಿದಾಗ ಪ್ರತಿ ಏರಿಗೂ ಒಂದು ಕಪ್ಪು ಗೆರೆ ಬೀಳುತ್ತದೆ. ಆ ಗೆರೆ ನಿಮ್ಮ ಪ್ರಾಣ ಉಳಿಸುತ್ತದೆ. ಫೋಟೋ ಚೆನ್ನಾಗಿ ಬರುವುದೂ ಅದೇ ಹೊತ್ತಿಗೆ.

ಬುಕ್ ಮಾಡುವ ಮುಂಚೆ

ರೇಟು ಕೇಳುವ ಮೊದಲು ಬೇರೆ ನಾಲ್ಕು ಪ್ರಶ್ನೆ ಕೇಳಿ. ಒಬ್ಬ ಗೈಡ್‌ಗೆ ಎಷ್ಟು ಗಾಡಿ? ಹೊರಡುವ ಮುಂಚೆ ಅಭ್ಯಾಸ ಮಾಡಿಸುತ್ತಾರಾ? ಹೆಲ್ಮೆಟ್, ಗಾಗಲ್ ಅವರೇ ಕೊಡುತ್ತಾರಾ? ಗಾಡಿಗೆ ಪೆಟ್ಟಾದರೆ ಯಾರು ಕಟ್ಟಬೇಕು? ಅಗ್ಗವಾಗಿ ಸಿಕ್ಕಿತೆಂದು ಮೊದಲ ದಿನ ನಾವು ಒಬ್ಬನ ಹತ್ತಿರ ಹೋಗಿದ್ದೆವು. ಅವನು ಕೊಟ್ಟ ಹೆಲ್ಮೆಟ್‌ನ ಪಟ್ಟಿಗೆ ಬಕಲ್ ಇರಲಿಲ್ಲ, ದಾರ ಕಟ್ಟಿದ್ದ. ವಾಪಸ್ ಬಂದೆವು.

ಗಾಡಿ ಎಂಥದ್ದು ಅಂತಲೂ ಕೇಳಿ. ಹೆಚ್ಚಿನ ಎಟಿವಿ ಒಬ್ಬರಿಗೆ ಮಾತ್ರ. ಹಿಂದೆ ಮಗುವನ್ನೋ ಹೆಂಡತಿಯನ್ನೋ ಕೂರಿಸಿದರೆ ತೂಕ ಹಿಂದಕ್ಕೆ ಜಗ್ಗುತ್ತದೆ, ಏರಿನಲ್ಲಿ ಮುಂದಿನ ಗಾಲಿ ಎದ್ದು ನಿಲ್ಲುತ್ತದೆ. ಇಬ್ಬರಿಗೆಂದೇ ಉದ್ದ ಮಾಡಿದ ಎಟಿವಿಗಳು ಬೇರೆ ಇವೆ. 16 ವರ್ಷದೊಳಗಿನ ಮಕ್ಕಳ ಕೈಗೆ ದೊಡ್ಡವರ ಎಟಿವಿ ಕೊಡಬೇಡಿ, ಅವರೆಷ್ಟೇ ಅತ್ತರೂ. ಮನೆಮಂದಿಯೆಲ್ಲ ಒಟ್ಟಿಗೆ ಹೋಗಬೇಕೆಂದರೆ ಬಗ್ಗಿ ತಗೊಳ್ಳಿ. ಅದಕ್ಕೆ ಸ್ಟೇರಿಂಗ್, ಸೀಟ್ ಬೆಲ್ಟ್, ಸುತ್ತ ಕಬ್ಬಿಣದ ಪಂಜರ ಎಲ್ಲಾ ಇರುತ್ತದೆ. ನನ್ನ ಹೆಂಡತಿ ಮತ್ತು ಮಗಳು ಅದರಲ್ಲೇ ಬಂದರು, ಮತ್ತು ನಿಜ ಹೇಳಬೇಕೆಂದರೆ ನನಗಿಂತ ಜಾಸ್ತಿ ಮಜಾ ಮಾಡಿದರು.

ಲೈಸೆನ್ಸ್ ಜೊತೆಗಿರಲಿ. ಕೆಲವರು ನೋಡುತ್ತಾರೆ, ಕೆಲವರು ನೋಡುವುದಿಲ್ಲ. ಅಲ್ಲಿ ಬಾಡಿಗೆ ಕಾರನ್ನೂ ಓಡಿಸುವ ಯೋಚನೆ ಇದ್ದರೆ ನಮ್ಮ ಆರ್‌ಟಿಓದಲ್ಲೇ, ಅದು ಕೆಎ-22 ಇರಲಿ, 28 ಇರಲಿ, 29 ಇರಲಿ, ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಅದು ಒಂದು ವರ್ಷ ನಡೆಯುತ್ತದೆ. ಇನ್ನೊಂದು, ಟ್ರಾವೆಲ್ ಇನ್ಶೂರೆನ್ಸ್. ಬಹಳಷ್ಟು ಪಾಲಿಸಿಗಳಲ್ಲಿ ಸಾಹಸ ಕ್ರೀಡೆ ಸೇರಿರುವುದಿಲ್ಲ, ಎಟಿವಿಯನ್ನು ಅದರಲ್ಲೇ ಹಾಕಿರುತ್ತಾರೆ. ಪಾಲಿಸಿಯ ಸಣ್ಣಕ್ಷರ ಓದಿ, ಬೇಕಿದ್ದರೆ ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟು ಸೇರಿಸಿಕೊಳ್ಳಿ.

ಮೈ ಮೇಲೆ ಏನಿರಬೇಕು

ಇಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ: ರುಮಾಲು. ಅಲ್ಲಿನ ಅಂಗಡಿಗಳಲ್ಲಿ ಮರಳುಗಾಡಿನ ಸ್ಕಾರ್ಫ್ ಅಂತ ದುಬಾರಿ ಬೆಲೆಗೆ ಮಾರುತ್ತಾರೆ. ನಾನು ಮನೆಯಿಂದ ತೆಳು ಹತ್ತಿಯ ರುಮಾಲು ಒಯ್ದಿದ್ದೆ. ಮೂಗು ಬಾಯಿ ಮುಚ್ಚಿ ಕುತ್ತಿಗೆಗೆ ಎರಡು ಸುತ್ತು ಹಾಕಿ, ಅದರ ಮೇಲೆ ಹೆಲ್ಮೆಟ್. ಆದರೆ ತುದಿ ಎರಡನ್ನೂ ಅಂಗಿಯೊಳಗೆ ಸೇರಿಸಲೇಬೇಕು. ದುಪಟ್ಟಾ ಬೈಕಿನ ಚಕ್ರಕ್ಕೆ ಸಿಕ್ಕಿ ಆಗುವ ಅನಾಹುತ ನಮಗೆ ಗೊತ್ತಿರುವುದೇ. ಇಲ್ಲಿ ನಾಲ್ಕು ಚಕ್ರ, ಮೇಲೆ ಗಾಳಿ. ಸೆರಗು, ಜೋತಾಡುವ ದುಪಟ್ಟಾ, ಸಡಿಲ ಪೈಜಾಮ ಯಾವುದೂ ಬೇಡ.

ಕಾಲಿಗೆ ಹಿಮ್ಮಡಿಗಂಟು ಮುಚ್ಚುವ ಬೂಟು. ಚಪ್ಪಲಿ ಬೇಡವೇ ಬೇಡ. ನಮ್ಮ ಅಥಣಿಯಲ್ಲಿ ಮಾಡುವ ಕೊಲ್ಹಾಪುರಿ ಎಷ್ಟು ಗಟ್ಟಿಯಾಗಿದ್ದರೂ ಸರಿ. (ಹೆಸರು ಕೊಲ್ಹಾಪುರದ್ದು, ಆದರೆ 2019ರ ಜಿಐ, ಅಂದರೆ ಮೂಲ ಊರಿನ ಗುರುತಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಇವೆ. ಅದು ಬೇರೆ ಮಾತು, ಬಿಡಿ.) ಎಂಜಿನ್ ಪಕ್ಕದ ಸೈಲೆನ್ಸರ್ ಕೆಂಡದಂತೆ ಕಾದಿರುತ್ತದೆ, ಬರಿಗಾಲು ತಾಗಿದರೆ ಬೊಬ್ಬೆ ಏಳುವುದೇ. ಆದ್ದರಿಂದ ಬರ್ಮುಡಾ ಬೇಡ, ಜೀನ್ಸ್ ಹಾಕಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅವತ್ತು ಕನ್ನಡಕಕ್ಕೆ ಬನ್ನಿ. ಫೋನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಇರಲಿ. ಸಣ್ಣ ಮರಳು ಚಾರ್ಜಿಂಗ್ ತೂತಿಗೆ ಹೋದರೆ ರಾತ್ರಿ ಹೋಟೆಲ್‌ನಲ್ಲಿ ಸೂಜಿ ಹಿಡಿದು ಕೂರಬೇಕಾಗುತ್ತದೆ. ಹೊರಡುವ ಒಂದೆರಡು ತಾಸು ಮೊದಲು ಹಗುರವಾಗಿ ತಿನ್ನಿ. ಎರಡು ರೊಟ್ಟಿ, ಶೇಂಗಾ ಚಟ್ನಿ ಸಾಕು. ಭರ್ಜರಿ ಬಿರಿಯಾನಿ ಹೊಡೆದು ಕೂತರೆ ದಿಬ್ಬ ಇಳಿಯುವಾಗ ಅದು ಮೇಲಕ್ಕೆ ಬರುತ್ತದೆ.

ಗಾಡಿ ಹತ್ತಿದ ಮೇಲೆ, ಹೊರಡುವ ಮುಂಚೆ

ಮೊದಲು ಗಾಡಿಯ ಸುತ್ತ ಒಂದು ವೀಡಿಯೋ ತೆಗೆಯಿರಿ. ಗೀರು, ಒಡೆದ ಮಡ್‌ಗಾರ್ಡ್ ಎಲ್ಲಾ ಕಾಣಲಿ. ಸಹಿ ಹಾಕುವ ಕಾಗದದಲ್ಲಿ ಸಾಮಾನ್ಯವಾಗಿ ಪೆಟ್ಟಿನ ಖರ್ಚು ನಿಮ್ಮದೇ ಅಂತ ಇರುತ್ತದೆ.

ಆಮೇಲೆ ಹೆಬ್ಬೆರಳಿನ ವಿಷಯ. ಎಟಿವಿಯಲ್ಲಿ ಎಕ್ಸಲರೇಟರ್ ತಿರುಗಿಸುವ ಹಿಡಿ ಅಲ್ಲ, ಬಲ ಹೆಬ್ಬೆರಳಿನಿಂದ ಒತ್ತುವ ಸಣ್ಣ ಲಿವರ್. ಅದಕ್ಕೊಂದು ಕಾರಣ ಇದೆ. ಗುಂಡಿಗೆ ಬಿದ್ದಾಗ ನಾವು ಹಿಡಿಯನ್ನು ಗಟ್ಟಿಯಾಗಿ ಜಗ್ಗಿ ಹಿಡಿಯುತ್ತೇವೆ. ಬೈಕಿನ ಹಾಗೆ ತಿರುಗಿಸುವ ಹಿಡಿ ಇದ್ದರೆ ಗೊತ್ತಿಲ್ಲದೇ ರೇಸ್ ಆಗುತ್ತದೆ. ಇಲ್ಲಿ ಹೆಬ್ಬೆರಳು ಎತ್ತಿದರೆ ಸಾಕು, ಗಾಡಿ ನಿಧಾನ ಆಗುತ್ತದೆ. ಅರ್ಧ ತಾಸಿನ ನಂತರ ಹೆಬ್ಬೆರಳ ಬುಡ ನೋಯತೊಡಗುತ್ತದೆ. ನೋಯುತ್ತದೆ ಅಂತ ಅಂಗೈಯಿಂದ ಲಿವರ್ ಒತ್ತಬೇಡಿ, ಗೈಡ್‌ಗೆ ಕೈ ಮಾಡಿ ನಿಲ್ಲಿಸಿ. ಹಿಡಿಯ ಪಕ್ಕ ಅಥವಾ ಹಿಂದೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಇರುತ್ತದೆ. ಕೆಲವಕ್ಕೆ ಹಗ್ಗ ಇರುತ್ತದೆ, ಅದನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡರೆ ನೀವು ಬಿದ್ದ ಕ್ಷಣ ಎಂಜಿನ್ ಬಂದ್. ಆ ಸ್ವಿಚ್ಚನ್ನು ಎರಡು ಸಲ ಒತ್ತಿ ನೋಡಿ, ಆಮೇಲೆ ಮುಂದಿನ ಮಾತು.

ಎಟಿವಿ ತೂಕದಲ್ಲಿ ಹಗುರವೇನಲ್ಲ, ದೊಡ್ಡವು ಬುಲೆಟ್‌ಗಿಂತ ಜಾಸ್ತಿಯೇ. ಆದರೆ ಟೈರಿನ ಗಾಳಿ ನೋಡಿ: ಕಾರಿಗೆ 30ರ ಮೇಲೆ ಹಾಕಿಸುವ ನಾವು, ಇಲ್ಲಿ 4ರಿಂದ 7 ಪಿಎಸ್‌ಐ ಅಷ್ಟೇ. ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಪಂಕ್ಚರ್ ಅಂತ ಗಾಬರಿಯಾಗಬೇಡಿ. ಮೆತ್ತನೆಯ ಟೈರು ಮರಳ ಮೇಲೆ ಅಗಲವಾಗಿ ಕೂರುತ್ತದೆ, ಸುಲಭಕ್ಕೆ ಹೂಳುವುದಿಲ್ಲ.

ತಿರುಗಿಸುವುದು ಕಷ್ಟ ಅನಿಸುತ್ತದೆ. ಟ್ರ್ಯಾಕ್ಟರ್ ಓಡಿಸಿದವರಿಗೆ ಒಂದೇ ಮಾತಿನಲ್ಲಿ ಹೇಳಬಹುದು. ಡಿಫರೆನ್ಷಿಯಲ್ ಲಾಕ್ ಒತ್ತಿ ಸ್ಟೇರಿಂಗ್ ತಿರುಗಿಸಿದರೆ ಟ್ರ್ಯಾಕ್ಟರ್ ಮೊಂಡು ಹಿಡಿದು ನೇರ ಹೋಗುತ್ತದಲ್ಲ? ಬಹಳಷ್ಟು ಎಟಿವಿ ಯಾವಾಗಲೂ ಹಾಗೆಯೇ. ಹಿಂದಿನ ಎರಡು ಗಾಲಿ ಒಂದೇ ಅಚ್ಚಿಗೆ ಕಟ್ಟಿಕೊಂಡಿರುತ್ತವೆ. ಆದ್ದರಿಂದ ತಿರುವಿನ ಮುಂಚೆ ವೇಗ ಕಡಿಮೆ ಮಾಡಿ, ಮೈ ತಿರುವಿನ ಒಳಗಡೆಗೆ ವಾಲಿಸಿ, ಹೊರಗಡೆಯ ಕಾಲಿನ ಮೇಲೆ ಭಾರ ಹಾಕಿ. ಕಾಲು ಮಾತ್ರ ಫುಟ್‌ರೆಸ್ಟ್ ಮೇಲೇ ಇರಲಿ. ಗಾಡಿ ವಾಲಿದರೂ ಅಲ್ಲೇ, ನಿಂತರೂ ಅಲ್ಲೇ.

ನಾಲ್ಕು ಗಾಲಿ ಇದೆ, ಬೀಳಲ್ಲ ಅಂತ ನಂಬಬೇಡಿ. 1970ರಲ್ಲಿ ಹೋಂಡಾ ತಂದ ಮೊದಲ ಗಾಡಿಗಳಿಗೆ ಮೂರೇ ಗಾಲಿ ಇತ್ತು. ತಿರುವಿನಲ್ಲಿ ಮಗುಚುತ್ತವೆ ಅಂತ ಅಮೆರಿಕದಲ್ಲಿ 1988ರಲ್ಲಿ ಮೂರು ಗಾಲಿಯ ಹೊಸ ಗಾಡಿಗಳ ಮಾರಾಟವನ್ನೇ ನಿಲ್ಲಿಸಿದರು. ನಾಲ್ಕನೇ ಗಾಲಿ ಬಂದ ಮೇಲೆ ಮಗುಚುವುದು ಕಡಿಮೆಯಾಯಿತು, ನಿಂತಿಲ್ಲ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಸೀಸನ್‌ನಲ್ಲಿ ರಸ್ತೆ ಬದಿಗೆ ಪಲ್ಟಿಯಾಗಿ ಬಿದ್ದ ಟ್ರ್ಯಾಕ್ಟರ್‌ಗೂ ನಾಲ್ಕೇ ಗಾಲಿ ಅಲ್ವಾ?

ದಿಬ್ಬದ ಮೇಲೆ

ಗುಂಪಿನಲ್ಲಿ ನೀವೇ ಹೊಸಬರಾದರೆ ಗೈಡ್‌ನ ಹಿಂದೆಯೇ ಇರಲು ಕೇಳಿಕೊಳ್ಳಿ. ನಾಚಿಕೆ ಬೇಡ. ಕೊನೆಯಲ್ಲಿದ್ದರೆ ಮುಂದಿನವರನ್ನು ಹಿಡಿಯಲು ಓಡಿಸುತ್ತೀರಿ, ಅಲ್ಲೇ ಅಪಾಯ. ಗೈಡ್‌ನ ಗಾಲಿ ಗುರುತಿನ ಮೇಲೇ ಹೋಗಿ.

ದಿಬ್ಬಕ್ಕೆ ಎರಡು ಮುಖ. ಗಾಳಿ ಬರುವ ಕಡೆ ಇಳಿಜಾರು ನಿಧಾನ, ಮರಳು ಗಟ್ಟಿ. ಆಚೆ ಕಡೆ ಮರಳು ಸಡಿಲವಾಗಿ ಜಾರಿ ಬಿದ್ದು 30 ಡಿಗ್ರಿಗಿಂತ ಕಡಿದಾಗಿ ನಿಂತಿರುತ್ತದೆ. ಮನೆಯ ಮುಂದೆ ಸುರಿದ ಮರಳಿನ ರಾಶಿ ನೋಡಿ, ಎಷ್ಟೇ ಸುರಿದರೂ ಅದರ ಓರೆ ಅಷ್ಟೇ ಇರುತ್ತದೆ. ಅದೇ ಲೆಕ್ಕ. ಹತ್ತುವಾಗ ಮೈ ಮುಂದಕ್ಕೆ, ಹೆಬ್ಬೆರಳು ಒಂದೇ ಸಮ. ನಡುವೆ ಬಿಟ್ಟರೆ ಅಲ್ಲೇ ಹೂಳುತ್ತದೆ. ತುದಿ ಹತ್ತಿರ ಬಂದಾಗ ಮಾತ್ರ ಕಡಿಮೆ ಮಾಡಿ. ಆಚೆ ಏನಿದೆ ನಿಮಗೆ ಕಾಣುವುದಿಲ್ಲ, ಇನ್ನೊಂದು ಗಾಡಿ ಎದುರು ಬರುತ್ತಿರಬಹುದು. ಗಾಡಿಯ ಹಿಂದೆ ಉದ್ದ ಕೋಲಿಗೆ ಬಾವುಟ ಕಟ್ಟಿರುವುದು ಇದಕ್ಕೇ, ದಿಬ್ಬದ ಆಚೆಯಿಂದ ಮೊದಲು ಕಾಣುವುದು ಅದು.

ಇಳಿಯುವಾಗ ನೇರವಾಗಿ ಇಳಿಯಿರಿ. ಅಡ್ಡಡ್ಡ ಹೋದರೆ ಉರುಳುತ್ತದೆ. ಮೈ ಹಿಂದಕ್ಕೆ, ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಬೇಡಿ. ಏರಿನ ನಡುವೆ ಗಾಡಿ ನಿಂತುಬಿಟ್ಟರೆ ಅಲ್ಲಿಯೇ ತಿರುಗಿಸಿ ಕೆಳಗೆ ಇಳಿಸುವ ಹುಕಿ ಬರುತ್ತದೆ. ಬೇಡ. ಬ್ರೇಕ್ ಹಿಡಿದು, ಕೈ ಎತ್ತಿ, ಗೈಡ್‌ನನ್ನು ಕಾಯಿರಿ.

ಕಡಲ ಅಂಚಿನಲ್ಲಿ

ದಿಬ್ಬ ಮುಗಿದು ಕಡಲ ಕಡೆ ಇಳಿಯುವಾಗ ನಡುವೆ ಸಮತಟ್ಟು, ಬಿಳಿ, ಗಟ್ಟಿಯಾಗಿ ಕಾಣುವ ನೆಲ ಬರಬಹುದು. ಅರಬ್ಬರು ಅದನ್ನು ಸಬ್ಖಾ ಅನ್ನುತ್ತಾರೆ. ಮೇಲೆ ಉಪ್ಪಿನ ಹಪ್ಪಳ, ಕೆಳಗೆ ಕೆಸರು. ನಮ್ಮ ಎರೆ ಹೊಲ ಮಳೆಯ ನಂತರ ಮೇಲೆ ಒಣಗಿ ಬಿರುಕು ಬಿಟ್ಟು, ಕಾಲಿಟ್ಟರೆ ಮೊಣಕಾಲವರೆಗೆ ಇಳಿಸುತ್ತದಲ್ಲ, ಥೇಟ್ ಹಾಗೆ. ನೋಡಿದ ಕೂಡಲೇ ಇಲ್ಲಿ ಜೋರಾಗಿ ಓಡಿಸಬಹುದು ಅನಿಸುತ್ತದೆ. ಗೈಡ್ ಹೋದ ದಾರಿ ಬಿಟ್ಟು ಒಂದು ಮಾರು ಕೂಡ ಆಚೆ ಹೋಗಬೇಡಿ.

ಕಡಲ ತೀರದಲ್ಲಿ ಒದ್ದೆಯಾಗಿ ಕಪ್ಪಗೆ ಕಾಣುವ ಪಟ್ಟಿಯೇ ಗಟ್ಟಿ ನೆಲ. ಅದರ ಮೇಲಿನ ಒಣ ಮರಳು ಸಡಿಲ. ಅದರ ಕೆಳಗೆ, ಅಲೆ ಬಂದು ಹೋಗುವ ಜಾಗದಲ್ಲಿ, ನಿಂತರೆ ಗಾಲಿಯ ಕೆಳಗಿನ ಮರಳನ್ನು ನೀರು ಎಳೆದುಕೊಂಡು ಹೋಗುತ್ತದೆ. ಅಲೆಯೊಳಗೆ ನುಗ್ಗಿಸಿ ನೀರು ಚಿಮ್ಮಿಸುವ ವೀಡಿಯೋ ಎಲ್ಲರಿಗೂ ಬೇಕು. ಉಪ್ಪು ನೀರು ಬೇರಿಂಗ್, ಬ್ರೇಕ್ ಎಲ್ಲವನ್ನೂ ತಿನ್ನುತ್ತದೆ, ಬಿಲ್ ನಿಮ್ಮ ಕೈಗೆ ಬರುತ್ತದೆ.

ಆಮೆಗಳ ವಿಷಯವನ್ನೂ ಹೇಳಬೇಕು. ಕತಾರ್‌ನ ಉತ್ತರದ ಫುವೈರಿತ್ ತೀರದಲ್ಲಿ ಹಾಕ್ಸ್‌ಬಿಲ್ ಆಮೆಗಳು ಮೊಟ್ಟೆಯಿಡುವ ಕಾಲಕ್ಕೆ ಜನರಿಗೆ ಬಾಗಿಲೇ ಹಾಕುತ್ತಾರೆ. ಗಾಲಿಯ ಭಾರ ಬಿದ್ದರೆ ಮರಳೊಳಗಿನ ಮೊಟ್ಟೆ ಉಳಿಯುವುದಿಲ್ಲ. ಉಳಿದ ತೀರಗಳಲ್ಲೂ ಹಗ್ಗ ಕಟ್ಟಿದ ಜಾಗ ಕಂಡರೆ ದೂರ ಹೋಗಿ.

ಹೂತರೆ

ಮೊದಲು ಹೆಬ್ಬೆರಳು ಬಿಡಿ. ನಮ್ಮವರ ಮೊದಲ ಕೆಲಸವೇ ರೇಸ್ ಕೊಡುವುದು. ಗಾಲಿ ತಿರುಗಿದಷ್ಟೂ ಗುಂಡಿ ತೋಡಿಕೊಳ್ಳುತ್ತದೆ, ಕೊನೆಗೆ ಗಾಡಿಯ ಹೊಟ್ಟೆ ಮರಳ ಮೇಲೆ ಕೂರುತ್ತದೆ. ಇಳಿದು, ಗಾಲಿಗಳ ಮುಂದಿನ ಮರಳನ್ನು ಕೈಯಿಂದ ಬಳಿದು ಇಳಿಜಾರು ಮಾಡಿ. ಒಬ್ಬರು ಕೂತು ಸಣ್ಣಗೆ ಒತ್ತಲಿ, ಉಳಿದವರು ಪಕ್ಕದಿಂದ ತಳ್ಳಲಿ. ನೇರ ಹಿಂದೆ ನಿಂತರೆ ಬಾಯಿ ತುಂಬಾ ಮರಳು. ನನ್ನ ತಮ್ಮ ನಿಂತಿದ್ದ, ರಾತ್ರಿ ಊಟದವರೆಗೂ ಉಗುಳುತ್ತಲೇ ಇದ್ದ.

ವಾಪಸ್ ಬಂದ ಮೇಲೆ

ಗಾಡಿ ಒಪ್ಪಿಸುವಾಗ ಮತ್ತೆ ಒಂದು ವೀಡಿಯೋ ತೆಗೆಯಿರಿ. ಡೆಪಾಸಿಟ್ ಕೈಗೆ ಬಂದ ಮೇಲೆಯೇ ಹೊರಡಿ. ಗೈಡ್‌ಗಳಲ್ಲಿ ಭಾರತ, ನೇಪಾಳ, ಪಾಕಿಸ್ತಾನದಿಂದ ದುಡಿಯಲು ಬಂದವರು ಬಹಳ. ಹಿಂದಿಯಲ್ಲಿ ಎರಡು ಮಾತಾಡಿ, ಟಿಪ್ಸ್ ಕೊಡಿ.

ಆ ರಾತ್ರಿ ತೊಡೆ, ಬೆನ್ನು, ಹೆಬ್ಬೆರಳು ಮೂರೂ ನೋಯುತ್ತವೆ. ಮರುದಿನಕ್ಕೆ ದೊಡ್ಡ ತಿರುಗಾಟ ಇಟ್ಟುಕೊಳ್ಳಬೇಡಿ. ಬಟ್ಟೆಯನ್ನು ನೇರವಾಗಿ ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಹೊರಗೆ ಚೆನ್ನಾಗಿ ಜಾಡಿಸಿ, ಬಕೆಟ್‌ನಲ್ಲಿ ನೆನೆಸಿ, ಮರಳು ತಳಕ್ಕೆ ಕೂತ ಮೇಲೆ ಎತ್ತಿ ಬೇರೆ ನೀರಿಗೆ ಹಾಕಿ. ನನ್ನ ರುಮಾಲಿಗೆ ಮೂರು ಬಕೆಟ್ ಹಿಡಿಯಿತು, ಬೂಟಿನೊಳಗಿನ ಮರಳು ವಿಜಯಪುರಕ್ಕೆ ಬಂದು ಹದಿನೈದು ದಿನವಾದರೂ ಉದುರುತ್ತಲೇ ಇತ್ತು.